ಗುಂಡನ ಗುಂಗುರು, ಕ್ಯಾಮೆರಾ ಕಣ್ಣು

ಬನ್ನಿ ಮಕ್ಕಳಾ, ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ.

ಒಂದು ಊರು. ಊರಲ್ಲಿ ನೀಲಿ ಅಂತ ಒಬ್ಬಳು ಹುಡುಗಿ. ನೀಲಿಗೆ ಒಬ್ಬ ತಮ್ಮ, ಗುಂಡ. ಗುಂಡನ ತಲೆ ತುಂಬ ಗುಂಗುರು ಗುಂಗುರು ಕೂದಲು. ಇವತ್ತು ಗುಂಡನಿಗೆ ಮೊದಲನೇ ಸಲ ಕೂದಲು ತೆಗೆಸೋ ದಿನ. ಸೋದರಮಾವ ಕತ್ತರಿ ಹಿಡಿದು ಕೂತಿದ್ದಾನೆ.

"ಸ್ವಲ್ಪ ಇರು ಮಾವ. ಗುಂಗುರು ಹೋಗೋ ಮೊದಲು ಒಂದು ಫೋಟೋ" ಅಂದಳು ನೀಲಿ. ಕ್ಯಾಮೆರಾ ತಂದಳು.

ಗುಂಡ ಬಂದ. ಬೆಲ್ಲ ತಿಂದ ಬೆರಳು. ಕ್ಯಾಮೆರಾ ಕಣ್ಣಿಗೆ ಪಚಕ್ ಅಂತ ಒತ್ತಿದ. ಹೋಯ್ತು, ಕಣ್ಣು ಮಬ್ಬಾಯ್ತು. ಗುಂಡನೂ ಮಬ್ಬು, ಗುಂಗುರೂ ಮಬ್ಬು.

ಅಜ್ಜಿ ಸೆರಗು ಹಿಡಿದು ಒರೆಸೋಕೆ ಬಂದಳು.

"ಬೇಡಜ್ಜಿ. ಸೆರಗಲ್ಲಿ ಧೂಳಿದೆ. ಗೀರು ಬೀಳುತ್ತೆ. ಮೆತ್ತನೆ ಬಟ್ಟೆ ತರ್ತೀನಿ."

"ಬೇಗ ಬಾ ನೀಲಿ, ಮುಹೂರ್ತ ಮೀರುತ್ತೆ" ಅಂದ ಮಾವ.

ನೀಲಿ ಓಡಿದಳು. ಟೈಲರ್ ನಸೀಮಕ್ಕನ ಹತ್ತಿರ ಹೋದಳು.

"ಅಕ್ಕಾ ಅಕ್ಕಾ, ಮೆತ್ತನೆ ಬಟ್ಟೆ ಕತ್ತರಿಸಿ ಕೊಡು. ಕತ್ತರಿಸಿದ್ರೆ ಕಣ್ಣು ಒರೆಸ್ತೀನಿ. ಒರೆಸಿದ್ರೆ ಗುಂಡ ಕಾಣ್ತಾನೆ. ಗುಂಗುರು ಹೋಗೋ ಮೊದಲು!"

"ಮೆತ್ತಗೇನೋ ಇದೆ ಕಣೆ, ಆದ್ರೆ ಕೊಳೆ. ಕತ್ತರಿಸಲ್ಲ. ಮುದ್ದಣ್ಣ ಒಗೆದ್ರೆ ಕತ್ತರಿಸ್ತೀನಿ. ತಗೊಂಡು ಹೋಗು."

ಬಟ್ಟೆ ಒಗೆಯೋ ಮುದ್ದಣ್ಣನ ಹತ್ತಿರ ಹೋದಳು.

"ಅಣ್ಣಾ ಅಣ್ಣಾ, ಬಟ್ಟೆ ಒಗಿ. ಒಗೆದ್ರೆ ಅಕ್ಕ ಕತ್ತರಿಸ್ತಾಳೆ. ಕತ್ತರಿಸಿದ್ರೆ ಕಣ್ಣು ಒರೆಸ್ತೀನಿ. ಒರೆಸಿದ್ರೆ ಗುಂಡ ಕಾಣ್ತಾನೆ. ಗುಂಗುರು ಹೋಗೋ ಮೊದಲು!"

"ಎಲ್ಲಿ ಒಗೀಲಿ? ಕೆರೆ ಮೆಟ್ಟಿಲ ಮೇಲೆ ಎಮ್ಮೆ ಮಲಗಿದೆ. ಎಮ್ಮೆ ಎದ್ರೆ ಒಗೀತೀನಿ."

ಎಮ್ಮೆ ಹತ್ತಿರ ಹೋದಳು.

"ಎಮ್ಮೆ ಎಮ್ಮೆ, ಏಳು. ನೀನೆದ್ರೆ ಅಣ್ಣ ಒಗೀತಾನೆ. ಒಗೆದ್ರೆ ಅಕ್ಕ ಕತ್ತರಿಸ್ತಾಳೆ. ಕತ್ತರಿಸಿದ್ರೆ ಕಣ್ಣು ಒರೆಸ್ತೀನಿ. ಒರೆಸಿದ್ರೆ ಗುಂಡ ಕಾಣ್ತಾನೆ. ಗುಂಗುರು ಹೋಗೋ ಮೊದಲು!"

"ಏಳಲ್ಲ ಹೋಗೆ. ನನ್ನ ಕರು ಮುನಿಸ್ಕೊಂಡು ಬೇಲಿ ಹಿಂದೆ ನಿಂತಿದೆ. ಕರು ಬಂದ್ರೆ ಏಳ್ತೀನಿ."

ಕರು ಹತ್ತಿರ ಹೋದಳು.

"ಕರು ಕರು, ಬಾ. ನೀ ಬಂದ್ರೆ ಎಮ್ಮೆ ಏಳುತ್ತೆ. ಎಮ್ಮೆ ಎದ್ರೆ ಅಣ್ಣ ಒಗೀತಾನೆ. ಒಗೆದ್ರೆ ಅಕ್ಕ ಕತ್ತರಿಸ್ತಾಳೆ. ಕತ್ತರಿಸಿದ್ರೆ ಕಣ್ಣು ಒರೆಸ್ತೀನಿ. ಒರೆಸಿದ್ರೆ ಗುಂಡ ಕಾಣ್ತಾನೆ. ಗುಂಗುರು ಹೋಗೋ ಮೊದಲು!"

"ಬರಲ್ಲ. ಗಂಟಲ ಕೆಳಗೆ ನವೆ. ಯಾರೂ ಕೆರೆಯೋರೇ ಇಲ್ಲ."

ಇಷ್ಟೇನಾ? ನೀಲಿ ಕೆರೆದಳು. ಪರಪರ ಪರಪರ ಕೆರೆದಳು. ಕರು ಕತ್ತು ಚಾಚಿತು, ಕಣ್ಣು ಮುಚ್ಚಿತು.

"ಆಹಾ, ಸಾಕು. ನಡಿ" ಅಂತು.

ಕರು ಬಂತು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಮುದ್ದಣ್ಣ ಒಗೆದ. ಮುದ್ದಣ್ಣ ಒಗೆದ, ಬಿಸಿಲು ಒಣಗಿಸಿತು. ಬಿಸಿಲು ಒಣಗಿಸಿತು, ನಸೀಮಕ್ಕ ಕತ್ತರಿಸಿದಳು. ನಸೀಮಕ್ಕ ಕತ್ತರಿಸಿದಳು, ನೀಲಿ ಓಡಿದಳು. ಓಡಿದಳು, ಓಡಿದಳು, ಮನೆಗೆ ಬಂದಳು.

ಮಾವ ಕತ್ತರಿ ಎತ್ತಿದ್ದ.

"ನಿಲ್ಲು ಮಾವ!"

ಕ್ಯಾಮೆರಾ ಕಣ್ಣಿಗೆ ಹಾ ಅಂತ ಉಸಿರು ಬಿಟ್ಟಳು. ಮೆತ್ತಗೆ, ಸುತ್ತಿ ಸುತ್ತಿ ಒರೆಸಿದಳು. ಬೆಲ್ಲ ಹೋಯ್ತು, ಮಬ್ಬು ಹೋಯ್ತು. ಕಣ್ಣು ಫಳಫಳ.

ಗುಂಡ ನಕ್ಕ. ಕ್ಲಿಕ್!

ಆಮೇಲೆ ಮಾವನ ಕತ್ತರಿ, ಕಚಕ್ ಕಚಕ್. ಗುಂಗುರೆಲ್ಲ ನೆಲದ ಮೇಲೆ. ಗುಂಡನ ತಲೆ ಬೋಳು ಬೋಳು. ಅಮ್ಮನಿಗೆ ಅಳು ಬಂತು.

ನೀಲಿ ಫೋಟೋ ತೋರಿಸಿದಳು. ಒಂದೊಂದು ಗುಂಗುರೂ ಎಣಿಸೋ ಹಾಗೆ ಕಾಣ್ತಿತ್ತು. ಅಮ್ಮ ಅಳ್ತಾ ಅಳ್ತಾನೇ ನಕ್ಕಳು.

"ಗೆದ್ದುಬಿಟ್ಟೆ ಕಣೇ ಹುಡುಗಿ" ಅಂದಳು ಅಜ್ಜಿ.

ಕಥೆ ಕೇಳಿದೋರೆಲ್ಲ ನಿಮ್ಮ ನಿಮ್ಮ ತಲೆ ಮುಟ್ಟಿ ನೋಡ್ಕೊಳ್ಳಿ. ಕೂದಲು ಇದೆ ತಾನೇ? ಹಾಗಾದ್ರೆ ನಿಶ್ಚಿಂತೆಯಾಗಿ ಮಲ್ಗಿ.