ಕೆರೆಯ ವೈರಿ ಸತ್ತದ್ದು ಯಾವುದಕ್ಕೆ

"ಕೇಳ್ರಪ್ಪೋ ಕೇಳ್ರಿ! ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೆರೆಯೇ ಉಂಬಳಿ. ತಪ್ಪಿದರೆ ತಲೆದಂಡ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಏರಿ ಒಡೆದು ಕೆರೆ ಬರಿದು ಮಾಡಲಾಗುವುದು!"

ಡಂಗುರ ಕೇಳಿ ಬೆಸ್ತರ ಹುಡುಗಿ ಹುಲಿಗೆವ್ವ ದಡಬಡಿಸಿ ಎದ್ದಳು. ಎಲ್ಲಿಂದಲೋ ಬಂದ ನೇರಳೆ ಹೂವಿನ ಅಂತರಗಂಗೆ ಕಳೆ ಕೆರೆ ತುಂಬ ಹಬ್ಬಿ ಹರಿಗೋಲಿಗೂ ದಾರಿ ಬಿಟ್ಟಿರಲಿಲ್ಲ, ಮೀನು ಸಾಯುತ್ತಿದ್ದವು, ಎಲ್ಲಾ ನಿಜ. ಹಾಗಂತ ಕೆರೆಯನ್ನೇ ಬರಿದು ಮಾಡಿದರೆ ಬೆಸ್ತರ ಕೇರಿ ಏನು ಮಣ್ಣು ತಿನ್ನಬೇಕೇ? ಸೆರಗು ಸಿಕ್ಕಿಸಿ, ತಾನು ಹೆಣೆದ ಬುಟ್ಟಿಯೊಂದನ್ನು ಕಂಕುಳಲ್ಲಿಟ್ಟು ಅರಮನೆಗೆ ನಡೆದೇಬಿಟ್ಟಳು.

ಅಲ್ಲಿ ದೊರೆ ದಂಡನಾಯಕನನ್ನು ಕೇಳುತ್ತಿದ್ದ: "ಕೆರೆಯ ವೈರಿ ಕಡಿದಷ್ಟೂ ಹೆಚ್ಚುತ್ತಾನೆ. ಅವನ ಜೀವ ಎಲ್ಲಿದೆ?"

"ತಲೆಯಲ್ಲಿ, ಪ್ರಭು!"

"ಮೂರು ಸಲ ತಲೆ ಕಡಿಸಿದೆಯಲ್ಲಯ್ಯಾ! ತುಂಡು ತುಂಡೂ ಚಿಗುರಿತು." ತಲೆದಂಡಕ್ಕೆ ಕಾಯಲು ದಂಡನಾಯಕ ಸೆರೆಮನೆಗೆ ಹೋದ.

"ಬುಡದಾಗ ಐತ್ರಿ ದೊರಿ," ಅಂದಳು ಹುಲಿಗೆವ್ವ. "ಬೇರುಸಮೇತ ಎತ್ತಬೇಕು."

ದೊರೆಯ ಹುಬ್ಬೇರಿತು. "ಸಾವಿರ ಆಳು ಎಳೆದರೂ ಜಗ್ಗದವನನ್ನು ಕೈಕಾಲಿಲ್ಲದವನೊಬ್ಬ ದಡಕ್ಕೆ ತರುತ್ತಾನೆ. ಯಾರವನು?"

"ಹಗ್ಗ!" ಎಂದು ನಡುವೆ ಬಾಯಿ ಹಾಕಿದ ಸಭೆಯಲ್ಲಿದ್ದ ಊರ ಸಾಹುಕಾರ. ಅವನೂ ಸೆರೆಮನೆ ಸೇರಿದ.

"ಗಾಳಿ ರೀ. ಸಂಜಿ ಗಾಳಿ ಅದನ್ನ ಮೂಡಲ ದಂಡಿಗೆ ನೂಕತೈತಿ. ಅಲ್ಲಿ ನಿಂತು ಎತ್ತಿದ್ರ ಆತು."

ದೊರೆಯ ದನಿ ಇಳಿಯಿತು. "ಮೂರನೆಯದಕ್ಕೆ ನನಗೇ ಉತ್ತರ ಗೊತ್ತಿಲ್ಲ. ಎತ್ತಿ ಎತ್ತಿ ಆಳುಗಳು ಬೇಸತ್ತು ಬಿಟ್ಟರೆ ಮತ್ತೆ ಬರುತ್ತಾನೆ. ಕತ್ತಿಗೂ ಸಾಯದವನು ಯಾವುದಕ್ಕೆ ಸಾಯುತ್ತಾನೆ?"

ಹುಲಿಗೆವ್ವನಿಗೆ ಕೊರಳು ತಡವಿಕೊಳ್ಳುವಷ್ಟು ಹೆದರಿಕೆ. ಆದರೂ ಅಂದಳು: "ಗಿರಾಕಿಗೆ ರೀ."

ಸಭೆ ಗೊಳ್ಳೆಂದು ನಕ್ಕಿತು. ಅವಳು ಕಂಕುಳಲ್ಲಿದ್ದ ಬುಟ್ಟಿಯನ್ನು ದೊರೆಯ ಪಕ್ಕ ಕೂತಿದ್ದ ರಾಣಿಯ ಮುಂದಿಟ್ಟಳು. ರಾಣಿ ತಿರುಗಿಸಿ ಮುರುಗಿಸಿ ನೋಡಿದಳು. "ಅಯ್ಯ, ಎಷ್ಟು ಹಗುರ! ಎಷ್ಟು ಮೆತ್ತಗೆ! ನನಗೂ ಒಂದು ಬೇಕಲ್ಲೇ!"

"ಅದ ವೈರಿಯ ದಂಟು ಒಣಗಿಸಿ ಹೆಣೆದದ್ರಿ ಅವ್ವಾರ. ನೋಡ್ರಿ ದೊರಿ, ಒಬ್ರು ಗಿರಾಕಿ ಸಿಕ್ಕರು. ಮಂದಿಗೆ ಬೇಕಾತಂದ್ರ ಎತ್ತೋ ಕೈ ಬೇಸರ ಮಾಡ್ಕೊಳ್ಳೋದಿಲ್ಲ. ಅದರ ಕತಿ ಅಲ್ಲಿಗೆ ಮುಗೀತು."

ನಕ್ಕವರೇ ಬುಟ್ಟಿಗೆ ಮುಗಿಬಿದ್ದರು. ದೊರೆ ಸಿಂಹಾಸನದಿಂದಿಳಿದು ಕೈಮುಗಿದ. "ಕೆರೆ ನಿನ್ನದು ತಾಯಿ. ಇನ್ನೇನು ಬೇಕು?"

"ಒಳಗಿರೋ ಆ ಇಬ್ಬರನ್ನ ಬಿಡ್ರಿ. ಬೇರು ಎತ್ತಾಕ ಆಳು ಬೇಕಾಗ್ಯಾರ."

ಸುಗ್ಗಿಯ ಹೊತ್ತಿಗೆ ಹೆಣೆಯುವವರು ದಂಟು ಸಾಲದೆಂದು ಜಗಳಕ್ಕೆ ಬಿದ್ದರು. ನಡುಗೆರೆಯಲ್ಲಿ ಹರಿಗೋಲು ನಿಲ್ಲಿಸಿ ಹುಲಿಗೆವ್ವ ಕೇರಿಗೆಲ್ಲ ಕೇಳುವಂತೆ ಕೂಗಿದಳು: "ಜಗಳ ಬಿಟ್ಟು ಬರ್ರೋ! ಮೀನು ಬಂದಾವು!"