ಸ್ಟ್ರೆಚರಿನ ಮುಂದಿನ ತುದಿ

ಕೇಳಿದ್ದು ವಾರ್ಡಿಗೆ ಒಬ್ಬ ಅಟೆಂಡರನ್ನು. ಸಿಕ್ಕಿದ್ದು ಒಂದು ಗಂಟೆಯ ಭಾಷಣ. ನಲವತ್ತು ಹಾಸಿಗೆಗೆ ಒಬ್ಬಳೇ ನರ್ಸಾಗಿದ್ದ ದೇವೀರಮ್ಮ ಮೂರು ತಿಂಗಳು ಅರ್ಜಿ ಬರೆದು ಸೋತಿದ್ದಳು.

"ಆಳು ಯಾಕಮ್ಮ? ಬೇಕಾದ್ದು ಹುರುಪು," ಎಂದರು ಆಡಳಿತಾಧಿಕಾರಿ ವರದರಾಜಯ್ಯ, ರೋಗಿಗಳ ನಡುವೆಯೇ ನಿಂತು. "ನಾಯಕನಾದವನು ತಾನೇ ಮುಂದೆ ನಿಂತು ಕೈಹಾಕಬೇಕು. ಹಿಂದಿನವರಿಗೆ ಹುರುಪು ತಾನಾಗಿ ಬರುತ್ತೆ."

ಹನ್ನೊಂದನೇ ಹಾಸಿಗೆಯ ಮುದುಕ ಬೆಳಗ್ಗೆಯೇ ತೀರಿಕೊಂಡಿದ್ದ. ಹೊರುವವರಿಲ್ಲದೆ ಹೆಣ ಅಲ್ಲೇ ಇತ್ತು, ಮಗಳು ಕಾಲ ಬಳಿ ಕೂತಿದ್ದಳು. ಹುರುಪು ಹೆಣ ಹೊರುತ್ತದೆಯೇ, ನೋಡೇಬಿಡೋಣ ಅಂದುಕೊಂಡ ದೇವೀರಮ್ಮ ಹೆಣವನ್ನು ಸ್ಟ್ರೆಚರಿಗೆ ಸರಿಸಿದಳು.

"ನೀವು ಹೇಳಿದ್ದು ಮನಸ್ಸಿಗೆ ನಾಟಿತು ಸಾರ್. ಮುಂದಿನ ತುದಿ ನಿಮ್ಮದು. ಹಿಂದೆ ನಾನಿದ್ದೀನಿ."

ವಾರ್ಡಿಗೆ ವಾರ್ಡೇ ನೋಡುತ್ತಿತ್ತು. ವರದರಾಜಯ್ಯ ಬೇರೆ ದಾರಿಯಿಲ್ಲದೆ ಎತ್ತಿದರು. ಎರಡು ಮಹಡಿ ಇಳಿದು ಶವಾಗಾರ ಮುಟ್ಟುವಷ್ಟರಲ್ಲಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

"ಇದು... ದಿನಾ ಇರುತ್ತಾ?"

"ವಾರಕ್ಕೆ ನಾಲ್ಕು ಸಾರ್. ಮುಂದಿನದಕ್ಕೂ ನಿಮಗೇ ಹೇಳಿ ಕಳಿಸಲಾ?"

ಸಂಜೆಯೊಳಗೆ ಆದೇಶ ಬಂತು. ಮೂರು ತಿಂಗಳ ಅರ್ಜಿಗೂ ಒಂದು ಹೆಣಕ್ಕೂ ಸೇರಿ ಗಿಟ್ಟಿದ್ದು ಒಬ್ಬ ಅಟೆಂಡರು, ಅದೂ ಹಗಲು ಪಾಳಿಗೆ ಮಾತ್ರ. ರಾತ್ರಿ ಸಾಯುವವರು ಈಗಲೂ ಬೆಳಗಾಗುವವರೆಗೆ ಕಾಯಬೇಕು.