ಅರಸನ ರೋಮಾಂಚನ

ಹಂದರಗಲ್ಲಿನ ಅರಸ ಚೆನ್ನವೀರನಿಗೆ ಕಾವ್ಯದ ಗೀಳು ಹತ್ತಿತ್ತು. ಬರೆದುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಒಂದು ದಿನ ಅಪ್ಪಣೆ ಹೊರಡಿಸಿದ: "ನನ್ನ ಕಾವ್ಯ ಕೇಳಿದವರ ಮೈಕೂದಲು ನಿಮಿರಿ ನಿಲ್ಲಬೇಕು. ನಿಲ್ಲದವರು ಊರು ಬಿಡಬೇಕು."

ಆಸ್ಥಾನದವರು ಬೆರಕಿಗಳು. ಮಾಗಿಯ ಚಳಿಯಲ್ಲಿ ತಣ್ಣೀರು ಮಿಂದು, ಒದ್ದೆ ಪಂಚೆಯಲ್ಲೇ ಬಂದು ಕೂತರು. ಗಡಗಡ ನಡುಗಿ ಎಲ್ಲರ ಕೂದಲೂ ನಿಮಿರಿತು. ಅರಸ ಹಿಗ್ಗಿ ಹೀರೇಕಾಯಿಯಾದ. ಅಡುಗೆಯ ನಿಂಗವ್ವ ಮಾತ್ರ ಒಲೆಯ ಮುಂದಿನಿಂದ ನೇರ ಬಂದವಳು. ಬೆಚ್ಚಗಿದ್ದ ಅವಳ ಕೈಮೇಲೆ ಒಂದು ಕೂದಲೂ ಅಲುಗಲಿಲ್ಲ. ಸಾಲದ್ದಕ್ಕೆ ಆಕಳಿಸಿದಳು. ಮರುದಿನ ಮಧ್ಯಾಹ್ನದೊಳಗೆ ಗಡಿ ದಾಟಬೇಕೆಂದು ಶಿಕ್ಷೆಯಾಯಿತು.

ವಿದೂಷಕ ಬೊಪ್ಪಣ್ಣ ರಾತ್ರಿಯೆಲ್ಲ ಅವಳನ್ನು ಉಳಿಸುವ ಉಪಾಯ ಹುಡುಕಿದ. ತಾಯಿಯಿಲ್ಲದ ಅವನನ್ನು ಉಣ್ಣಿಸಿ ಬೆಳೆಸಿದವಳು ಅವಳೇ. ಬೆಳಗಾಗುತ್ತಲೇ ಕಂಬಳಿ ಹೊದ್ದು, ಓಲೆಗೆ ಮುದ್ರೆ ಹಾಕುವ ಅರಗಿನ ಕಡ್ಡಿ ಹಿಡಿದು, ನಿಂಗವ್ವನನ್ನೂ ಕರೆದುಕೊಂಡು ಸಭೆಗೆ ಬಂದ. ನಿಂಗವ್ವನೂ ಕಾವ್ಯ ಕಟ್ಟಿದ್ದಾಳೆ, ಅದಕ್ಕೆ ಪ್ರಭುಗಳ ಕೂದಲು ಎದ್ದರೆ ಶಿಕ್ಷೆ ರದ್ದಾಗಲಿ, ಏಳದಿದ್ದರೆ ತಾನೂ ಅವಳ ಜೊತೆ ಊರು ಬಿಡುವೆನೆಂದ. ಅರಸ ನಕ್ಕು ತೋಳು ಚಾಚಿದ. ಎದ್ದ ಕೂದಲು ಎಣಿಸಲು ಈ ಕಡ್ಡಿ ಬೇಕೆನ್ನುತ್ತಾ ಬೊಪ್ಪಣ್ಣ ಅದನ್ನು ಕಂಬಳಿಗೆ ಗಸಗಸ ಉಜ್ಜತೊಡಗಿದ. ಯಾಕೆಂದು ಕೇಳಿದವರಿಗೆ, ಧೂಳು ಒರೆಸುತ್ತಿದ್ದೇನೆ ಎಂದ.

"ಏನು ಹೇಳಲಪ್ಪಾ?" ನಿಂಗವ್ವ ಕಂಗಾಲಾಗಿ ಪಿಸುಗುಟ್ಟಿದಳು.

"ಬಾಯಿಗೆ ಬಂದದ್ದು ಹೇಳವ್ವಾ."

ಅವಳ ಬಾಯಿಗೆ ಬರುವುದು ಒಂದೇ. "ಬದನೆಕಾಯಿ ಎಂಟು. ಹುಣಸೆ ನಿಂಬೆಗಾತ್ರ. ಎಣ್ಣೆ ಒಂದು ಸೌಟು..."

ಬೊಪ್ಪಣ್ಣ ಕಡ್ಡಿಯನ್ನು ಅರಸನ ತೋಳಿನ ಮೇಲೆ ಬೆರಳಗಲದ ಎತ್ತರದಲ್ಲಿ ಹಿಡಿದ. ಕೂದಲುಗಳು ಒಂದೊಂದಾಗಿ ಎದ್ದವು. ಒಗ್ಗರಣೆಯ ಹೊತ್ತಿಗೆ ರಾಜತೋಳು ಮುಳ್ಳುಹಂದಿಯಾಗಿತ್ತು. ಮುದಿ ಮಂತ್ರಿ, "ಬದನೆಕಾಯಿಯಲ್ಲಿ ಏನು ಧ್ವನಿ, ಏನು ರಸ" ಎಂದು ತಲೆದೂಗಿದ.

ಅರಸನೇನು ದಡ್ಡನಲ್ಲ. "ಅದೇನಯ್ಯ ಆ ಕಡ್ಡಿ?" ಎಂದು ಗದರಿದ.

ಬೊಪ್ಪಣ್ಣ ಮುಚ್ಚಿಡಲಿಲ್ಲ. ನೆಲದ ಮೇಲೆ ಒಂದು ಹಿಡಿ ಹೊಟ್ಟು ಚೆಲ್ಲಿ, ಕಡ್ಡಿಯನ್ನು ಮತ್ತೆ ಉಜ್ಜಿ ಹಿಡಿದ. ಹೊಟ್ಟು ಪುಟಪುಟನೆ ಹಾರಿ ಕಡ್ಡಿಗೆ ಅಂಟಿಕೊಂಡಿತು. ಕಾವ್ಯ ಕೇಳದ ಹೊಟ್ಟಿಗೂ ರೋಮಾಂಚನವಾದದ್ದನ್ನು ಸಭೆಯೆಲ್ಲ ಕಂಡಿತು.

"ಅಂದರೆ ನನಗೆ ಮೋಸ ಮಾಡಿದೆ."

"ಮೋಸವೇನು ಬಂತು ಪ್ರಭು? ಕೂದಲು ಏಳಿಸುವುದಕ್ಕೆ ಒಂದು ಕಂಬಳಿ ಸಾಕು. ಕೂತ ಜನ ಎದ್ದುಹೋಗದ ಹಾಗೆ ಮಾಡುವುದಕ್ಕೇ ಕಾವ್ಯ ಬೇಕು."

ಅರಸ ಸಭೆಯತ್ತ ತಿರುಗಿದ. ಒಗ್ಗರಣೆ ಆದಮೇಲೆ ಏನೆಂದು ಕೇಳಲು ಎಲ್ಲರೂ ನಿಂಗವ್ವನ ಬಾಯನ್ನೇ ನೋಡುತ್ತಾ ಕೂತಿದ್ದರು. ಒಬ್ಬನೂ ಎದ್ದಿರಲಿಲ್ಲ. ಅರಸನಿಗೆ ನಗು ತಡೆಯಲಾಗಲಿಲ್ಲ.

"ಊರು ಬಿಡುವುದು ಬೇಡ ನಿಂಗವ್ವ," ಎಂದ. "ಉಳಿದ ಕಾವ್ಯವನ್ನು ಎಲೆಗೇ ಬಡಿಸು."